ನಾಕ್ಸೋಸ್ ದ್ವೀಪ: ಅವಶೇಷಗಳೋ, ಹಳೆಯ ಚರ್ಚುಗಳೋ, ಬೆಟ್ಟ-ಕಡಲೋ?

ಗ್ರೀಸ್‌ಗೆ ಹೊರಡುವ ನಮ್ಮವರ ಪಟ್ಟಿಯಲ್ಲಿ ಮೂರು ಹೆಸರು ಖಾಯಂ: ಅಥೆನ್ಸ್, ಮಿಕೊನೋಸ್, ಸ್ಯಾಂಟೊರಿನಿ. ಮಿಕೊನೋಸ್‌ನಿಂದ ಸ್ಯಾಂಟೊರಿನಿಗೆ ಸಾಗುವ ಹಡಗುಗಳಲ್ಲಿ ಹಲವು ನಡುವೆ ನಾಕ್ಸೋಸ್ ಬಂದರಿನಲ್ಲಿ ನಿಲ್ಲುತ್ತವೆ. ಜನ ಡೆಕ್ಕಿನ ಮೇಲೆ ನಿಂತು ದಡದಲ್ಲಿ ಕಾಣುವ ಅಮೃತಶಿಲೆಯ ಬಾಗಿಲೊಂದರ ಫೋಟೊ ತೆಗೆದುಕೊಂಡು ಮುಂದಕ್ಕೆ ಹೋಗಿಬಿಡುತ್ತಾರೆ. ಇಲ್ಲಿ ಇಳಿಯಬೇಕೆಂದು ಮನಸ್ಸು ಮಾಡಿದವರಿಗಾಗಿ ಈ ಬರಹ. ಇಳಿದ ಮೇಲೆ ಏನು ನೋಡುವುದು ಎಂಬ ಪ್ರಶ್ನೆಗೆ ಪ್ರವಾಸಿ ಕರಪತ್ರಗಳು ಕೊಡುವ ಉತ್ತರ ಒಂದೇ: ಎಲ್ಲವನ್ನೂ. ಆದರೆ ಎರಡು ಹಗಲಿನಲ್ಲಿ ಎಲ್ಲವನ್ನೂ ನೋಡುವುದೆಂದರೆ ಕಾರಿನ ಕಿಟಕಿಯಿಂದ ನೋಡುವುದು. ಆಯ್ಕೆ ಮಾಡಲೇಬೇಕು.

ನಾಕ್ಸೋಸ್ ಸೈಕ್ಲೇಡ್ಸ್ ದ್ವೀಪಸಮೂಹದಲ್ಲೇ ದೊಡ್ಡದು, ಸುಮಾರು 430 ಚದರ ಕಿಲೋಮೀಟರ್. ನಡುವೆ ಬೆಟ್ಟಗಳ ಬೆನ್ನೆಲುಬು, ಪಶ್ಚಿಮಕ್ಕೆ ಮರಳಿನ ದಡ, ಇವೆರಡರ ನಡುವೆ ಆಲಿವ್ ತೋಪುಗಳ ಕಣಿವೆ. ನಕ್ಷೆಯಲ್ಲಿ ಇಪ್ಪತ್ತೈದು ಕಿಲೋಮೀಟರ್ ಎಂದು ಕಂಡಿದ್ದು ರಸ್ತೆಯ ಮೇಲೆ ಮುಕ್ಕಾಲು ಗಂಟೆ ತಿನ್ನುತ್ತದೆ. ನೋಡುವಂಥದ್ದು ಮೂರು ಬಗೆ. ಕ್ರಿಸ್ತಪೂರ್ವ ಕಾಲದ ದೇಗುಲಗಳು ಮತ್ತು ಅರೆಬರೆ ಕೆತ್ತಿದ ಶಿಲ್ಪಗಳು. ಬೈಜಾಂಟಿನ್ (ಪೂರ್ವ ರೋಮನ್ ಸಾಮ್ರಾಜ್ಯದ) ಕಾಲದ ಪುಟ್ಟ ಚರ್ಚುಗಳು. ಬೆಟ್ಟ, ಕಣಿವೆ, ಕಡಲು. ಈ ಮೂರರಲ್ಲಿ ಯಾವುದು ಮೇಲು ಎಂದು ಕೇಳಿದರೆ ನನ್ನ ಮಟ್ಟಿಗೆ ಉತ್ತರ ಸ್ಪಷ್ಟ: ಚರ್ಚುಗಳು. ಆದರೆ ಮೊದಲ ಬಾರಿಗೆ ಬಂದು ಒಂದೇ ದಿನ ಇರುವವರಿಗೆ ನಾನು ಚರ್ಚುಗಳ ಸುತ್ತನ್ನೇ ಹೇಳುವುದಿಲ್ಲ. ಕಾರಣ ಮುಂದೆ ಇದೆ.

ಅದಕ್ಕೂ ಮುಂಚೆ, ಸ್ಯಾಂಟೊರಿನಿಯನ್ನು ಬಿಟ್ಟು ನಾಕ್ಸೋಸ್‌ಗೆ ಬರಬೇಕೇ ಎಂಬುದರ ಬಗ್ಗೆ ಎರಡು ಮಾತು. ಜ್ವಾಲಾಮುಖಿಯ ಬಾಯಂಚಿನಲ್ಲಿ ಊರು ಕಟ್ಟಿಕೊಂಡಿರುವ ಆ ದೃಶ್ಯ ಬೇರೆಲ್ಲೂ ಇಲ್ಲ. ಬೂದಿಯಡಿ ಹೂತುಹೋಗಿದ್ದ ಅಕ್ರೊತಿರಿ ಎಂಬ ಕಂಚಿನ ಯುಗದ ಪಟ್ಟಣವೂ ಅಲ್ಲಿದೆ. ಮಧುಚಂದ್ರಕ್ಕೆಂದು ಹೊರಟವರನ್ನು ತಡೆಯುವಷ್ಟು ಅರಸಿಕನಲ್ಲ ನಾನು. ಆದರೆ ಅಲ್ಲಿ ಮೂರು ರಾತ್ರಿ ಕಾಯ್ದಿರಿಸಿದ್ದರೆ ಒಂದನ್ನು ಕಡಿಮೆ ಮಾಡಿ ಇಲ್ಲಿಗೆ ಕೊಡಿ. ಹಡಗಿನ ವೇಗವನ್ನು ಅವಲಂಬಿಸಿ ಎರಡು ಗಂಟೆಯ ಆಸುಪಾಸಿನ ದಾರಿ. ಕೋಣೆಯ ಬಾಡಿಗೆಯೂ ಇಲ್ಲಿ ಸಾಮಾನ್ಯವಾಗಿ ಕಡಿಮೆ.

ಅವಶೇಷಗಳ ದಾರಿ

ಬಂದರಿನ ಪಕ್ಕದಲ್ಲೇ ನಿಂತಿರುವ ಪೋರ್ಟಾರದಿಂದ ಆರಂಭಿಸೋಣ. ಪಲಾಟಿಯಾ ಎಂಬ ಪುಟ್ಟ ಗುಡ್ಡೆಗೆ ಕಟ್ಟೆಯ ಮೇಲೆ ನಡೆದು ಹೋದರೆ ಆಯಿತು, ಟಿಕೆಟ್ ಇಲ್ಲ. ಸುಮಾರು 6 ಮೀಟರ್ ಎತ್ತರದ ಈ ದ್ವಾರ ಒಂದು ದೇವಾಲಯದ ಉಳಿಕೆ. ಲಿಗ್ಡಮಿಸ್ ಎಂಬ ಸರ್ವಾಧಿಕಾರಿ ಕ್ರಿ.ಪೂ. 530ರ ಸುಮಾರಿಗೆ ಆ ದೇವಾಲಯವನ್ನು ಕಟ್ಟಿಸಲು ಶುರು ಮಾಡಿದ. ಅವನು ಪದಚ್ಯುತನಾದಾಗ ಕೆಲಸ ಅಲ್ಲಿಗೇ ನಿಂತಿತು. ಗ್ರೀಕ್ ದೇವ ಅಪೊಲೊನಿಗಾಗಿ ಕಟ್ಟಿದ್ದು ಎಂಬುದು ಹೆಚ್ಚಿನವರ ಅಭಿಪ್ರಾಯ, ಏಕೆಂದರೆ ಅದು ಅವನ ಜನ್ಮಸ್ಥಳವಾದ ಡೆಲೋಸ್ ದ್ವೀಪದತ್ತ ಮುಖ ಮಾಡಿದೆ. ವೀರ ಥೀಸಿಯಸ್ ತನ್ನೊಡನೆ ಬಂದ ಕ್ರೀಟ್‌ನ ರಾಜಕುಮಾರಿ ಅರಿಯಾಡ್ನೆಯನ್ನು ಮಲಗಿದ್ದಲ್ಲೇ ಬಿಟ್ಟು ಹಡಗು ಹತ್ತಿದ್ದೂ, ಮದಿರೆಯ ದೇವ ಡಯೊನೈಸಸ್ ಅವಳನ್ನು ಕಂಡು ಮದುವೆಯಾದದ್ದೂ ಈ ದಡದಲ್ಲೇ ಎಂಬುದು ಪುರಾಣ.

ಮುಗಿಯದ ಆ ದೇವಾಲಯ ಮುಂದೆ ಕ್ರೈಸ್ತರ ಚರ್ಚಾಯಿತು. 1207ರಲ್ಲಿ ವೆನಿಸ್‌ನ ಮಾರ್ಕೊ ಸಾನುಡೊ ದ್ವೀಪವನ್ನು ಹಿಡಿದ ಮೇಲೆ ಊರಿನ ನೆತ್ತಿಯಲ್ಲಿ ಕೋಟೆ ಎದ್ದಿತು. ದೇವಾಲಯದ ಕಲ್ಲುಗಳು ಅಲ್ಲಿಗೆ ಹೋದವು. ಹೊಸ್ತಿಲು, ಎರಡು ನಿಲುವುಗಲ್ಲು, ಮೇಲಿನ ಅಡ್ಡಗಲ್ಲು ಮಾತ್ರ ಉಳಿದವು. ಒಂದೊಂದೂ ಇಪ್ಪತ್ತು ಟನ್ ಆಸುಪಾಸು ತೂಗುವ ಅವನ್ನು ಎತ್ತಿಕೊಂಡು ಹೋಗುವುದು ಯಾರಿಗೂ ಆಗಲಿಲ್ಲ. ಪೋರ್ಟಾರ ಇನ್ನೂ ನಿಂತಿರುವುದಕ್ಕೆ ಭಕ್ತಿ ಕಾರಣವಲ್ಲ, ಭಾರ ಕಾರಣ.

ಸೂರ್ಯಾಸ್ತಕ್ಕೆ ಇಲ್ಲಿಗೆ ಬನ್ನಿ ಎಂದು ಎಲ್ಲರೂ ಬರೆಯುತ್ತಾರೆ, ಎಲ್ಲರೂ ಬರುತ್ತಾರೆ. ಜುಲೈ–ಆಗಸ್ಟ್‌ನಲ್ಲಿ ಆ ಹೊತ್ತಿಗೆ ಬಾಗಿಲಿಗಿಂತ ಮೊಬೈಲುಗಳೇ ಹೆಚ್ಚು ಕಾಣುತ್ತವೆ. ಬೆಳಿಗ್ಗೆ ಏಳಕ್ಕೆ ಹೋಗಿ. ಕಲ್ಲಿನ ಮೇಲೆ ಓರೆ ಬಿಸಿಲು ಬೀಳುವಾಗ ಅಮೃತಶಿಲೆಯ ಒರಟು ಹರಳುಗಳು ಉಪ್ಪಿನ ಕಣಗಳಂತೆ ಮಿನುಗುತ್ತವೆ. ನಾಕ್ಸೋಸ್‌ನ ಅಮೃತಶಿಲೆಯ ಗುರುತೇ ಅದು: ಪಕ್ಕದ ಪಾರೋಸ್‌ನ ಕಲ್ಲಿನಷ್ಟು ನುಣುಪಲ್ಲ, ಹರಳು ದೊಡ್ಡದು.

ಪೋರ್ಟಾರವನ್ನು ಹೇಗೂ ನೋಡುತ್ತೀರಿ, ಆದ್ದರಿಂದ ಅದು ಆಯ್ಕೆಯ ವಿಷಯವೇ ಅಲ್ಲ. ಅವಶೇಷಗಳಲ್ಲಿ ನಿಜವಾಗಿ ಪೆಟ್ರೋಲು ಖರ್ಚು ಮಾಡಿ ಹೋಗಬೇಕಾದದ್ದು ಊರಿನಿಂದ ಹನ್ನೆರಡು ಕಿಲೋಮೀಟರ್ ಆಸುಪಾಸಿನ, ಸಂಗ್ರಿ ಹಳ್ಳಿಯ ಬಳಿಯ ಡಿಮೀಟರ್ ದೇವಾಲಯಕ್ಕೆ. ಬೆಳೆಯ ದೇವತೆಗೆ ತಕ್ಕ ಜಾಗ. ಸುತ್ತಲೂ ಇಂದಿಗೂ ಹೊಲ. ಕಾಲ ಹೆಚ್ಚುಕಡಿಮೆ ಪೋರ್ಟಾರದ್ದೇ. ಅಥೆನ್ಸ್‌ನ ಪಾರ್ಥೆನಾನ್‌ಗಿಂತ ಸುಮಾರು ಎಂಬತ್ತು ವರ್ಷ ಹಿಂದೆಯೇ ಇಲ್ಲಿನವರು ಛಾವಣಿಯ ಹಂಚನ್ನೂ ಸೇರಿಸಿ ಇಡೀ ಗುಡಿಯನ್ನು ಅಮೃತಶಿಲೆಯಲ್ಲಿ ಕಟ್ಟಿದರು. ಒಳಗಿನ ಕಂಬಗಳು ಒಂದೇ ಎತ್ತರದವಲ್ಲ; ಇಳಿಜಾರು ಛಾವಣಿಗೆ ಹೊಂದುವಂತೆ ನಡುವಿನದು ಎತ್ತರ, ಬದಿಯವು ಗಿಡ್ಡ. ಹಂಚುಗಳನ್ನು ಬೆಳಕು ಸೋಸಿ ಒಳಗಿಳಿಯುವಷ್ಟು ತೆಳುವಾಗಿ ಕೆತ್ತಿದ್ದರು. ಕಿಟಕಿಯಿಲ್ಲದ ಕೋಣೆಗೆ ಛಾವಣಿಯೇ ದೀಪ.

ಸಂಗ್ರಿಗೆ ನಾನು ಹೆಚ್ಚು ಅಂಕ ಕೊಡುವುದಕ್ಕೆ ಇನ್ನೊಂದು ಕಾರಣವಿದೆ. 6ನೇ ಶತಮಾನದಲ್ಲಿ ಈ ಗುಡಿಯನ್ನು ಕ್ರೈಸ್ತರು ಕೆಡವಲಿಲ್ಲ, ತಿರುಗಿಸಿದರು. ದಕ್ಷಿಣಕ್ಕಿದ್ದ ಮುಖವನ್ನು ಮುಚ್ಚಿ, ಪೂರ್ವದ ಗೋಡೆಗೆ ಅರ್ಧವೃತ್ತದ ಬಲಿಪೀಠದ ಜಾಗವನ್ನು ಸೇರಿಸಿ ಅದನ್ನೇ ಚರ್ಚು ಮಾಡಿಕೊಂಡರು. ಕಲ್ಲುಗಳನ್ನು ಗೋಡೆಯಲ್ಲಿ ಮತ್ತೆ ಬಳಸಿದ್ದರಿಂದ ಅವು ಚೆದುರಿಹೋಗದೆ ಅಲ್ಲೇ ಉಳಿದವು. 1990ರ ದಶಕದಲ್ಲಿ ಗ್ರೀಕ್ ಮತ್ತು ಮ್ಯೂನಿಕ್‌ನ ತಜ್ಞರು ಮೂಲ ತುಂಡುಗಳನ್ನು ಒಂದೊಂದಾಗಿ ಗುರುತಿಸಿ ಮತ್ತೆ ನಿಲ್ಲಿಸಿದರು. ಹೊಸ ಕಲ್ಲು ಎಲ್ಲಿದೆ, ಹಳೆಯದು ಎಲ್ಲಿದೆ ಎಂಬುದು ಬಣ್ಣದಿಂದಲೇ ತಿಳಿಯುತ್ತದೆ. ಪಕ್ಕದ ಚಿಕ್ಕ ಸಂಗ್ರಹಾಲಯವನ್ನು ಬಿಟ್ಟು ಬರಬೇಡಿ. ಗುಡಿ ಮತ್ತು ಚರ್ಚು ಎರಡರ ಮುಖಗಳನ್ನೂ ಅಲ್ಲಿ ಜೋಡಿಸಿಟ್ಟಿದ್ದಾರೆ. ಒಂದೂವರೆ ಗಂಟೆ ಸಾಕು. ನೆರಳು ಮಾತ್ರ ಇಲ್ಲ.

ಇರಿಯಾದಲ್ಲಿ ಡಯೊನೈಸಸ್‌ನ ಕ್ಷೇತ್ರವಿದೆ. ಕ್ರಿ.ಪೂ. 8ರಿಂದ 6ನೇ ಶತಮಾನದವರೆಗೆ ಒಂದರ ಮೇಲೊಂದರಂತೆ ನಾಲ್ಕು ಗುಡಿಗಳು ಎದ್ದ ಜಾಗ. ವಾಸ್ತುಶಿಲ್ಪ ಓದಿದವರಿಗೆ ಹಬ್ಬ. ಉಳಿದವರಿಗೆ ನೆಲಮಟ್ಟದ ಅಡಿಪಾಯ. ಬಿಡಬಹುದು.

ಇನ್ನು ಕೂರೋಸ್‌ಗಳು. ನೆಟ್ಟಗೆ ನಿಂತ ಯುವಕನ ಈ ಬಗೆಯ ಶಿಲ್ಪಗಳನ್ನು ಗಣಿಯಲ್ಲೇ ಮುಕ್ಕಾಲು ಪಾಲು ಕೆತ್ತಿ ಆಮೇಲೆ ಸಾಗಿಸುತ್ತಿದ್ದರು. ಬಿರುಕು ಬಿಟ್ಟರೆ ಇದ್ದಲ್ಲೇ ಬಿಟ್ಟು ನಡೆಯುತ್ತಿದ್ದರು. ಹಾಗೆ ಉಳಿದವರನ್ನು ನೋಡಲು ಎರಡು ಕಡೆ ಹೋಗಬಹುದು. ಮೆಲಾನೆಸ್ ಬಳಿಯ ಫ್ಲೇರಿಯೊದಲ್ಲಿ ಸುಮಾರು 6 ಮೀಟರ್ ಉದ್ದದವನು ಹಣ್ಣಿನ ತೋಟದ ನೆರಳಿನಲ್ಲಿ ಕಾಲು ಮುರಿದುಕೊಂಡು ಮಲಗಿದ್ದಾನೆ. ಇನ್ನೊಬ್ಬ ಅಲ್ಲಿಂದ ಸ್ವಲ್ಪ ಏರುದಾರಿಯಲ್ಲಿ. ದ್ವೀಪದ ಉತ್ತರ ತುದಿಯ ಅಪೋಲೋನಾಸ್‌ನಲ್ಲಿರುವುದು ಭೀಮಕಾಯ: 10.7 ಮೀಟರ್ ಉದ್ದ, ಅಂದಾಜು 80 ಟನ್. ಮುಖದ ಕೆಳಗೆ ಗಡ್ಡದ ಆಕಾರ ಕಾಣುವುದರಿಂದ ಇವನು ಅಪೊಲೊ ಅಲ್ಲ, ಡಯೊನೈಸಸ್ ಇರಬೇಕೆಂದು ಹೇಳುತ್ತಾರೆ. ಕೈಗಳು ಇನ್ನೂ ಕೈಗಳಾಗಿಲ್ಲ, ಚೌಕ ದಿಮ್ಮಿಗಳು. ಹತ್ತಿರ ಬಗ್ಗಿ ನೋಡಿದರೆ ಮೈಯೆಲ್ಲ ಉಳಿಯ ಚುಚ್ಚು ಗುರುತು.

ಕಾರ್ಕಳದ ಗೊಮ್ಮಟನನ್ನು ನೋಡಿ ಬೆಳೆದವರಿಗೆ ಇಲ್ಲಿ ನಿಂತಾಗ ಒಂದು ಲೆಕ್ಕ ಹೊಳೆಯದೆ ಇರದು. 1432ರಲ್ಲಿ ಪ್ರತಿಷ್ಠೆಯಾದ ಆ ಮೂರ್ತಿ 42 ಅಡಿ ಆಸುಪಾಸು. ತೂಕದ ಅಂದಾಜೂ ಹೆಚ್ಚುಕಡಿಮೆ ಇಷ್ಟೇ. ಅದನ್ನು ಬೇರೆಡೆ ಕೆತ್ತಿ ಬಂಡಿಯ ಮೇಲೆ ಬೆಟ್ಟಕ್ಕೆ ಏರಿಸಿದರೆಂಬ ಕಥನವಿದೆ. ಇಲ್ಲಿಯವರು ಇಷ್ಟೇ ತೂಕದ್ದನ್ನು ಇಳಿಜಾರಿನಲ್ಲಿ ಕಡಲಿಗೆ ಇಳಿಸಿ ಹಡಗಿಗೆ ಹತ್ತಿಸಬೇಕಿತ್ತು. ಧೈರ್ಯ ಕಡಿಮೆಯಿತ್ತೆಂದಲ್ಲ, ಕಲ್ಲು ಸೀಳಿತು.

ಫ್ಲೇರಿಯೊ ಮತ್ತು ಅಪೋಲೋನಾಸ್‌ ನಡುವೆ ಯಾವುದು? ಅರ್ಧ ದಿನ ಮಾತ್ರ ಇದ್ದರೆ ಫ್ಲೇರಿಯೊ, ಅನುಮಾನವೇ ಬೇಡ. ಊರಿಗೆ ಹತ್ತಿರ, ತಂಪು, ಮಕ್ಕಳೂ ನಡೆಯಬಲ್ಲರು. ಅಪೋಲೋನಾಸ್‌ಗೆ ಹೋಗಿಬರಲು ಪೂರಾ ದಿನ ಬೇಕು. ಆದರೆ ದಾರಿಯೇ ಅರ್ಧ ಪ್ರವಾಸ. ಹೋಗುವುದಾದರೆ ಬೆಟ್ಟದ ಹಳ್ಳಿಗಳ ಮೂಲಕ ಹೋಗಿ, ಪಶ್ಚಿಮದ ಕಡಲಂಚಿನ ರಸ್ತೆಯಲ್ಲಿ ಮರಳಿ. ಬಸ್ಸಿನಲ್ಲಿ ಹೋಗುವ ಯೋಚನೆ ಬೇಡ, ದಿನಕ್ಕೆ ಒಂದೋ ಎರಡೋ ಇರುತ್ತವೆ, ತಪ್ಪಿದರೆ ಅಲ್ಲೇ ಗತಿ.

ಚರ್ಚುಗಳ ದಾರಿ

ಗ್ರೀಕ್ ದ್ವೀಪದ ಚರ್ಚು ಎಂದರೆ ನಮ್ಮ ಕಣ್ಣಿಗೆ ಬರುವುದು ನೀಲಿ ಗುಮ್ಮಟ, ಬಿಳಿ ಗೋಡೆ. ಅದನ್ನು ಮರೆತುಬಿಡಿ. ನಾಕ್ಸೋಸ್‌ನ ಹೆಗ್ಗಳಿಕೆ ಇರುವುದು ಆಲಿವ್ ಮರಗಳ ನಡುವೆ ಮಣ್ಣುಬಣ್ಣದಲ್ಲಿ ಅಡಗಿರುವ, ಹೊರಗಿನಿಂದ ದನದ ಕೊಟ್ಟಿಗೆಯೋ ಎನಿಸುವ ಕಟ್ಟಡಗಳಲ್ಲಿ. ಇಂಥವು ದ್ವೀಪದಲ್ಲಿ ನೂರಾರು ಇವೆ. ಅವುಗಳ ಒಳಗೋಡೆಯ ಮೇಲೆ ಏಳರಿಂದ ಹದಿನಾಲ್ಕನೇ ಶತಮಾನದವರೆಗಿನ ಚಿತ್ರಗಳು ಪದರಪದರವಾಗಿ ಕುಳಿತಿವೆ.

ಒಂದನ್ನೇ ನೋಡುವುದಾದರೆ ಮೋನಿ ಹಳ್ಳಿಯ ಬಳಿಯ ಪನಾಯಿಯಾ ಡ್ರೋಸಿಯಾನಿ. ಬೂದು ಕಲ್ಲುಗಳನ್ನು ಒಂದರ ಮೇಲೊಂದು ಪೇರಿಸಿದಂತೆ ಕಾಣುವ ತಗ್ಗು ಕಟ್ಟಡ. ಬದಿಗೆ ಮೂರು ಪುಟ್ಟ ಗುಡಿಗಳು ಅಂಟಿಕೊಂಡಿವೆ. ಒಳಗೆ ಕಾಲಿಟ್ಟಾಗ ಮೊದಲ ನಿಮಿಷ ಏನೂ ಕಾಣುವುದಿಲ್ಲ. ಕಣ್ಣು ಕತ್ತಲಿಗೆ ಒಗ್ಗಿದ ಮೇಲೆ ಗುಮ್ಮಟದತ್ತ ನೋಡಿ: ಅಲ್ಲಿರುವುದು ಒಬ್ಬ ಕ್ರಿಸ್ತನಲ್ಲ, ಇಬ್ಬರು. ಒಬ್ಬ ಎಳೆಯ ಮುಖದವನು, ಇನ್ನೊಬ್ಬ ಗಡ್ಡಧಾರಿ. ಇಂಥ ಜೋಡಿ ಚಿತ್ರ ಬಹಳ ಅಪರೂಪ. ಮೇಲಿನ ಪದರಗಳ ಕೆಳಗಿದ್ದ ಈ ಚಿತ್ರಗಳ ಕಾಲ ಸುಮಾರು 7ನೇ ಶತಮಾನ.

ಆ ಕಾಲ ಏಕೆ ಮುಖ್ಯ ಎಂದರೆ, 726ರಿಂದ 843ರವರೆಗೆ, ನಡುವೆ ಕೆಲವು ವರ್ಷಗಳ ಬಿಡುವು ಬಿಟ್ಟರೆ, ಬೈಜಾಂಟಿನ್ ಸಾಮ್ರಾಜ್ಯದಲ್ಲಿ ಮೂರ್ತಿಚಿತ್ರಗಳ ವಿರುದ್ಧ ರಾಜಾಜ್ಞೆ ಇತ್ತು. ಕ್ರಿಸ್ತನನ್ನೂ ಸಂತರನ್ನೂ ಬಣ್ಣದಲ್ಲಿ ಬರೆಯುವುದೇ ಪಾಪ ಎಂದ ಕಾಲ. ಅದಕ್ಕೂ ಹಿಂದಿನ ಗೋಡೆಚಿತ್ರಗಳು ಕಾನ್‌ಸ್ಟಾಂಟಿನೋಪಲ್‌ನಂಥ ರಾಜಧಾನಿಯಲ್ಲೇ ಹೆಚ್ಚು ಉಳಿಯಲಿಲ್ಲ. ಇಲ್ಲಿನ ಕಣಿವೆಯೊಂದರಲ್ಲಿ ಉಳಿದವು. ಬಾಗಿಲ ಬಳಿ ಕುಳಿತಿರುವ ಹಿರಿಯರಿಗೆ ನಮಸ್ಕರಿಸಿ, ಕಾಣಿಕೆ ಪೆಟ್ಟಿಗೆಗೆ ಏನಾದರೂ ಹಾಕಿ, ಫೋಟೊ ತೆಗೆಯುವ ಮುನ್ನ ಕೇಳಿ. ಬೇಡ ಎಂದರೆ ಬೇಡ. ಮೊಣಕಾಲು, ಭುಜ ಮುಚ್ಚುವ ಬಟ್ಟೆ ಇರಲಿ. ಸೆಪ್ಟೆಂಬರ್ 8ರಂದು ಇಲ್ಲಿ ಜಾತ್ರೆ.

ಇದರ ಎದುರು ತುದಿಯಲ್ಲಿ ನಿಲ್ಲುವುದು ಅಪಿರಾಂಥೋಸ್ ಊರಿನ ಆಚೆಯ ಆಯಿಯಾ ಕಿರಿಯಾಕಿ. 9ನೇ ಶತಮಾನದ್ದೆಂದು ಹೇಳುವ ಇಲ್ಲಿನ ಗೋಡೆಯ ಮೇಲೆ ಸಂತರಿಲ್ಲ, ಹಕ್ಕಿಗಳಿವೆ. ಬಲಿಪೀಠದ ಹಿಂದಿನ ಕಮಾನಿನಲ್ಲಿ ಸಾಲಾಗಿ ನಡೆಯುವ ಹಕ್ಕಿಗಳ ಕೊರಳಿಗೆ ರಿಬ್ಬನ್ನಿನಂಥ ಪಟ್ಟಿ; ಆ ಶೈಲಿಯ ಬೇರು ಪರ್ಷಿಯಾದ ಸಸಾನಿಯರ ಕಾಲದ ಕಲೆಯಲ್ಲಿದೆ. ಮನುಷ್ಯರೂಪವನ್ನು ಬರೆಯಬಾರದೆಂದಾಗ ಚಿತ್ರಕಾರ ಕೈಕಟ್ಟಿ ಕೂರಲಿಲ್ಲ. ಈ ಚರ್ಚಿನ ಜೀರ್ಣೋದ್ಧಾರಕ್ಕೆ 2018ರಲ್ಲಿ ಯುರೋಪಾ ನಾಸ್ಟ್ರಾ ಎಂಬ ಪರಂಪರೆ ಸಂರಕ್ಷಣೆಯ ಪ್ರಶಸ್ತಿ ಬಂತು. ಊರಿನಿಂದ ಮುಕ್ಕಾಲರಿಂದ ಒಂದು ಗಂಟೆಯ ಕಾಲುದಾರಿ. ಬಾಗಿಲು ಸಾಮಾನ್ಯವಾಗಿ ಬೀಗ ಹಾಕಿರುತ್ತದೆ. ಮೊದಲೇ ಸ್ಥಳೀಯ ಮಾರ್ಗದರ್ಶಿಯ ಮೂಲಕ ಏರ್ಪಾಡು ಮಾಡಿಕೊಂಡರಷ್ಟೇ ಹೊರಡಿ.

ಒಂದೇ ದಿನ ಇರುವವರಿಗೆ ಚರ್ಚುಗಳ ಸುತ್ತು ಬೇಡ ಎನ್ನುವುದಕ್ಕೆ ಕಾರಣ ಈ ಬೀಗ. ಅವಶೇಷಗಳಿಗೆ ವೇಳಾಪಟ್ಟಿ ಇದೆ, ಬೆಟ್ಟಕ್ಕೆ ಬಾಗಿಲೇ ಇಲ್ಲ. ಚರ್ಚು ಮಾತ್ರ ಒಬ್ಬ ಮನುಷ್ಯನ ಕಿಸೆಯಲ್ಲಿರುವ ಕೀಲಿಕೈಯನ್ನು ನಂಬಿಕೊಂಡಿರುತ್ತದೆ. ಅವನು ಊಟಕ್ಕೆ ಹೋಗಿದ್ದರೆ, ಆಲಿವ್ ಕೊಯ್ಲಿಗೆ ಹೋಗಿದ್ದರೆ ನಿಮ್ಮ ಬೆಳಗು ಮುಗಿಯಿತು. ಊರಿನ ಕಾಫಿ ಅಂಗಡಿಯಲ್ಲಿ ಕುಳಿತು ಕೇಳುವಷ್ಟು ಪುರುಸೊತ್ತು ಇದ್ದವರಿಗೆ ಇದು ಸೊಗಸಾದ ಆಟ, ಸಂಜೆಯ ಹಡಗು ಹಿಡಿಯಬೇಕಾದವರಿಗೆ ಪೀಡೆ.

ನಡುವಿನ ದಾರಿಯೂ ಉಂಟು: ಹಲ್ಕಿ. ಕಣಿವೆಯ ಈ ಹಳೆಯ ಊರಿನಲ್ಲಿ ರಸ್ತೆಯ ಪಕ್ಕದಲ್ಲೇ ಪನಾಯಿಯಾ ಪ್ರೋತೋಥ್ರೋನೋಸ್ ಇದೆ, ಹಲವು ಶತಮಾನಗಳ ಚಿತ್ರಪದರಗಳೊಂದಿಗೆ. ಆಲಿವ್ ತೋಪಿನ ಕಾಲುದಾರಿಯಲ್ಲಿ ಹತ್ತು ಹದಿನೈದು ನಿಮಿಷ ನಡೆದರೆ 11ನೇ ಶತಮಾನದ ಆಯಿಯೋಸ್ ಯೋರ್ಯೋಸ್ ದಿಯಾಸೋರಿತಿಸ್. ಒಂದು ಮುಚ್ಚಿದ್ದರೆ ಇನ್ನೊಂದು, ಎರಡೂ ಮುಚ್ಚಿದ್ದರೆ 1896ರಿಂದ ಕಿತ್ರೋನ್ ಭಟ್ಟಿ ಇಳಿಸುತ್ತಿರುವ ಕುಟುಂಬದ ಹಳೆಯ ಕಾರ್ಖಾನೆ. ಕಿತ್ರೋನ್ ಮಾದಲ ಗಿಡದ ಎಲೆಯಿಂದ ತೆಗೆಯುವ ಮದ್ಯ. ತಾಮ್ರದ ಹಂಡೆಗಳನ್ನು ನೋಡಲು ಕುಡಿಯುವವರೇ ಆಗಬೇಕಿಲ್ಲ.

ಬಂದರು ಪಟ್ಟಣದ ಕೋಟೆಯೊಳಗೆ ವೆನಿಸ್‌ನವರು ಬಿಟ್ಟುಹೋದ ಕ್ಯಾಥೊಲಿಕ್ ಪ್ರಧಾನ ಚರ್ಚು ಇದೆ. ಕೋಟೆಯ ಓಣಿಗಳಿಗಾಗಿ ಮೇಲೆ ಹತ್ತಿದಾಗ ನೋಡಿದರೆ ಸಾಕು. ಪುರಾತತ್ವ ಸಂಗ್ರಹಾಲಯ ಇರುವ ಕಟ್ಟಡವೂ ಅಲ್ಲೇ. ಲೇಖಕ ನಿಕೋಸ್ ಕಜಾಂಟ್‌ಜಾಕಿಸ್ ಬಾಲಕನಾಗಿದ್ದಾಗ ಕಲಿತ ಫ್ರೆಂಚ್ ಪಾದ್ರಿಗಳ ಶಾಲೆ ಅದಾಗಿತ್ತು. ತೆರೆದಿದೆಯೇ ಎಂದು ಕೆಳಗೆ ವಿಚಾರಿಸಿಕೊಂಡು ಮೆಟ್ಟಿಲು ಹತ್ತಿ.

ಬೆಟ್ಟ, ಕಣಿವೆ, ಕಡಲು

ಜಾಸ್ ಬೆಟ್ಟ ಸೈಕ್ಲೇಡ್ಸ್‌ನಲ್ಲೇ ಎತ್ತರ, ಸಾವಿರ ಮೀಟರಿಗೆ ಒಂದು ಕೂದಲೆಳೆ ಮೇಲೆ. ನಮ್ಮ ಮುಳ್ಳಯ್ಯನಗಿರಿಯ ಅರ್ಧದಷ್ಟೇ ಎಂದು ಹಗುರವಾಗಿ ಕಾಣಬೇಡಿ. ಇಲ್ಲಿ ಮರವಿಲ್ಲ, ನೀರಿಲ್ಲ, ಕಾಲಡಿ ಚೂಪು ಕಲ್ಲು. ಗ್ರೀಕ್ ದೇವತೆಗಳ ರಾಜ ಜ್ಯೂಸ್ ಬೆಳೆದದ್ದು ಇಲ್ಲೇ ಎಂಬುದು ಸ್ಥಳೀಯರ ನಂಬಿಕೆ, ಬೆಟ್ಟದ ಹೆಸರೂ ಅವನದೇ.

ಏರಲು ಎರಡು ದಾರಿ. ಫಿಲೋತಿಯ ಬಳಿಯ ಆರಿಯಾ ಬುಗ್ಗೆಯಿಂದ ಹೊರಟರೆ ಮಧ್ಯದಲ್ಲಿ ಜಾಸ್ ಗುಹೆ ಸಿಗುತ್ತದೆ. ನವಶಿಲಾಯುಗದಿಂದ ಜನ ಬಳಸಿದ ಗುಹೆ. ಅದರ ಮೇಲಿನ ದಾರಿ ಕಡಿದು, ಜಾರುಗಲ್ಲು, ಕೈಯೂರಿ ಹತ್ತಬೇಕಾದ ಜಾಗಗಳೂ ಇವೆ. ಇನ್ನೊಂದು ಆಯಿಯಾ ಮರಿನಾ ಎಂಬ ಪುಟ್ಟ ಗುಡಿಯಿಂದ ಹೊರಡುವ ದಾರಿ: ಉದ್ದ, ಆದರೆ ಸೌಮ್ಯ, ಒಂದೂವರೆ ಗಂಟೆಯಲ್ಲಿ ತುದಿ. ಈ ದಾರಿಯಲ್ಲೇ ಬಂಡೆಯೊಂದರ ಮೇಲೆ ಪ್ರಾಚೀನ ಗ್ರೀಕ್ ಅಕ್ಷರಗಳಲ್ಲಿ ಇದು ಕುರಿಮಂದೆಗಳನ್ನು ಕಾಯುವ ಜ್ಯೂಸ್‌ನ ಬೆಟ್ಟ ಎಂದು ಕೊರೆದಿದ್ದಾರೆ. ಮಂಡಿ ನೋವಿನವರೂ ಹತ್ತು ವರ್ಷದ ಮಕ್ಕಳಿರುವವರೂ ಎರಡನೆಯದನ್ನೇ ಹಿಡಿಯಬೇಕು. ಗುಹೆಯನ್ನಷ್ಟೇ ನೋಡುವ ಆಸೆಯಿದ್ದರೆ ಮೊದಲನೆಯ ದಾರಿಯಲ್ಲಿ ಅಲ್ಲಿಯವರೆಗೆ ಹೋಗಿ ಹಿಂದಿರುಗಿ. ಕೆಳಗಿಳಿಯಲು ಗುಹೆಯ ದಾರಿಯನ್ನು ಬಳಸುವುದು ಹುಚ್ಚು ಸಾಹಸ. ಬೇಸಿಗೆಯಲ್ಲಿ ಬೆಳಿಗ್ಗೆ ಎಂಟರೊಳಗೆ ಹೊರಡದಿದ್ದರೆ ಹೊರಡುವುದೇ ಬೇಡ.

ಏರುವ ಉಸಾಬರಿ ಬೇಡದವರಿಗೆ ಹಲ್ಕಿ, ಮೋನಿ, ಫಿಲೋತಿಗಳ ನಡುವಿನ ಕಣಿವೆಯೇ ಸಾಕು. ಹಳೆಯ ಆಲಿವ್ ಮರಗಳು, ಕಲ್ಲುಗೋಡೆಗಳ ನಡುವೆ ಊರಿಂದೂರಿಗೆ ಕಾಲುದಾರಿ. ಏಪ್ರಿಲ್–ಮೇ ತಿಂಗಳಲ್ಲಿ ಹೂವು ಹಸುರು, ಆಗಸ್ಟ್‌ನಲ್ಲಿ ಒಣಹುಲ್ಲು. ಕೇರಮೋತಿಯ ಬಳಿಯ ರೂತ್ಸೂನಾ ಜಲಪಾತವನ್ನು ಕರಪತ್ರದಲ್ಲಿ ದೊಡ್ಡದಾಗಿ ಹಾಕಿರುತ್ತಾರೆ. ಜೋಗದ ನೆಲದಿಂದ ಬಂದವರು ಅದಕ್ಕಾಗಿ ದಾರಿ ಬದಲಿಸಬೇಕಿಲ್ಲ.

ಅಪಿರಾಂಥೋಸ್ ಬೇರೆ ಮಾತು. ಓಣಿಗೆಲ್ಲ ಅಮೃತಶಿಲೆ ಹಾಸಿದ ಈ ಊರಿನ ಆಚೆ, ಕೋರೊನೋಸ್ ಕಡೆಗೆ ಸಾಣೆಗಲ್ಲಿನ ಗಣಿಗಳಿವೆ. ಪ್ರಾಚೀನ ಶಿಲ್ಪಿಗಳು ಅಮೃತಶಿಲೆಯನ್ನು ಉಜ್ಜಿ ನಯ ಮಾಡುತ್ತಿದ್ದದ್ದು ಇದೇ ಕಲ್ಲಿನ ಪುಡಿಯಿಂದ. ಕೆತ್ತಲು ಮೆದುಕಲ್ಲು, ಉಜ್ಜಲು ಗಟ್ಟಿಕಲ್ಲು ಎರಡೂ ಒಂದೇ ದ್ವೀಪದಲ್ಲಿ ಸಿಕ್ಕಿದ್ದೇ ನಾಕ್ಸೋಸ್ ಶಿಲ್ಪಿಗಳ ಅದೃಷ್ಟ. ಡೆಲೋಸ್‌ನ ಸಿಂಹಗಳೂ ಡೆಲ್ಫಿಯ ಸ್ಫಿಂಕ್ಸ್ ಕೂಡ ಇವರು ಒಪ್ಪಿಸಿದ ಹರಕೆಗಳೇ. 1920ರ ದಶಕದಲ್ಲಿ ಸಾಣೆಗಲ್ಲನ್ನು ಬೆಟ್ಟದಿಂದ ಮುತ್ಸೂನಾ ಬಂದರಿಗೆ ಇಳಿಸಲು ಕಟ್ಟಿದ ತೂಗುತಂತಿಯ ಕಂಬಗಳು ಇಂದಿಗೂ ಇಳಿಜಾರಿನಲ್ಲಿ ತುಕ್ಕು ಹಿಡಿದು ನಿಂತಿವೆ. ಜಾಸ್ ತುದಿಗಿಂತ ಈ ರಸ್ತೆಯ ನೋಟವೇ ನನಗೆ ಹೆಚ್ಚು ಇಷ್ಟ.

ಕಡಲಿನ ವಿಷಯದಲ್ಲಿ ಹೆಚ್ಚು ಬರೆಯಬೇಕಿಲ್ಲ, ಪಶ್ಚಿಮದ ದಡವೆಲ್ಲ ಚೆನ್ನ. ಈಜು ಬಾರದವರಿಗೂ ಮಕ್ಕಳಿಗೂ ಊರಿಗೆ ಅಂಟಿಕೊಂಡ, ಆಳ ಕಡಿಮೆಯ ಆಯಿಯೋಸ್ ಯೋರ್ಯೋಸ್. ತಿಳಿನೀರಿಗೆ ಆಯಿಯೋಸ್ ಪ್ರೊಕೋಪಿಯೋಸ್. ಜನರಿಂದ ದೂರ ನಡೆಯಲು ನಾಲ್ಕು ಕಿಲೋಮೀಟರ್ ಉದ್ದದ ಪ್ಲಾಕಾ. ಜುನಿಪರ್ ಪೊದೆಗಳ ನಡುವಿನ ಅಲಿಕೊ ಇವೆಲ್ಲಕ್ಕಿಂತ ಚೆಲುವು, ಬಸ್ಸು ಕಡಿಮೆ. ಜುಲೈ–ಆಗಸ್ಟ್‌ನಲ್ಲಿ ಉತ್ತರದಿಂದ ಬೀಸುವ ಮೆಲ್ತೆಮಿ ಗಾಳಿ ಮರಳನ್ನು ಕಣ್ಣಿಗೆರಚುತ್ತದೆ. ಅಂಥ ದಿನ ಮಿಕ್ರಿ ವಿಗ್ಲಾ ಗಾಳಿಹಲಗೆಯವರಿಗೆ ಸ್ವರ್ಗ, ಉಳಿದವರು ಕಣಿವೆಗೆ ಹೋಗಲಿ.

ಹಾಗಾದರೆ ಯಾರಿಗೆ ಯಾವುದು?

ಒಂದೇ ಹಗಲು ಇದ್ದರೆ: ಬೆಳಿಗ್ಗೆ ಪೋರ್ಟಾರ, ಆಮೇಲೆ ಸಂಗ್ರಿ, ಮಧ್ಯಾಹ್ನದ ಊಟ ಹಲ್ಕಿಯಲ್ಲಿ, ಸಾಧ್ಯವಾದರೆ ಡ್ರೋಸಿಯಾನಿ. ಇದು ಅವಶೇಷಗಳ ದಾರಿಯೇ ಆದರೂ ತುದಿಯಲ್ಲಿ ಒಂದು ಚರ್ಚು, ಉದ್ದಕ್ಕೂ ಕಣಿವೆ. ಮೂರೂ ಒಂದೇ ರಸ್ತೆಯ ಮೇಲಿವೆ. ಅರ್ಧಕ್ಕೆ ನಿಲ್ಲಿಸಬೇಕಾಗಿ ಬಂದರೂ ಸಂಗ್ರಿ ಕೈಬಿಟ್ಟಿರುವುದಿಲ್ಲ.

ಎರಡು ಹಗಲು ಇದ್ದರೆ ಎರಡನೆಯದನ್ನು ಅಪಿರಾಂಥೋಸ್‌ಗೆ ಕೊಡಿ. ಕೀಲಿಯ ಏರ್ಪಾಡಾದರೆ ಕಿರಿಯಾಕಿ, ಇಲ್ಲವಾದರೆ ಮುತ್ಸೂನಾದವರೆಗೆ ಇಳಿದು ಕಡಲು. ಅಪೋಲೋನಾಸ್‌ನ ಭೀಮಕಾಯನಿಗೂ ಜಾಸ್ ಬೆಟ್ಟಕ್ಕೂ ಮೂರನೆಯ ದಿನ ಬೇಕು, ಅದರಲ್ಲೂ ಎರಡರಲ್ಲಿ ಒಂದೇ. ನಡಿಗೆಯ ಹುಚ್ಚಿದ್ದವರು ಬೆಟ್ಟ, ಇಲ್ಲದವರು ಅಪೋಲೋನಾಸ್.

ಹಿರಿಯರನ್ನು ಕರೆದುಕೊಂಡು ಬಂದಿದ್ದರೆ ಫ್ಲೇರಿಯೊ ಮತ್ತು ಹಲ್ಕಿ. ಪೋರ್ಟಾರಕ್ಕೆ ಹೋಗುವ ಕಟ್ಟೆ ಸಮತಟ್ಟು, ಆದರೆ ಅಲೆ ಹಾರುವ ದಿನ ಒದ್ದೆಯಾಗಿರುತ್ತದೆ. ಕೋಟೆಯ ಓಣಿಗಳಲ್ಲಿ ಮೆಟ್ಟಿಲು ಹೆಚ್ಚು, ಹಿಡಿಗಂಬಿ ಕಡಿಮೆ.

ಬಸ್ಸಿನಲ್ಲೇ ತಿರುಗುವವರು ಹಲ್ಕಿ, ಫಿಲೋತಿ, ಅಪಿರಾಂಥೋಸ್ ಮತ್ತು ಕಡಲದಡಗಳಿಗೆ ಆರಾಮವಾಗಿ ಹೋಗಬಹುದು. ಬಸ್ಸುಗಳು ಬಂದರಿನ ಎದುರಿನಿಂದಲೇ ಹೊರಡುತ್ತವೆ, ಟಿಕೆಟ್ ಮೊದಲೇ ಕೊಂಡಿರಬೇಕು. ಸಂಗ್ರಿ ದೇವಾಲಯಕ್ಕೆ ಬಸ್ ಇಳಿದ ಮೇಲೆ ಬಿಸಿಲಲ್ಲಿ ನಡೆಯಬೇಕು. ಕಾರು ಬೇಕೆಂದರೆ ನಿಮ್ಮೂರಿನ ಆರ್‌ಟಿಒ ಕಚೇರಿಯಿಂದ ಅಂತರರಾಷ್ಟ್ರೀಯ ಚಾಲನಾ ಪರವಾನಗಿಯನ್ನು ಹೊರಡುವ ಮುಂಚೆಯೇ ಮಾಡಿಸಿಕೊಳ್ಳಿ. ಅಲ್ಲಿ ವಾಹನ ಓಡುವುದು ರಸ್ತೆಯ ಬಲಬದಿಯಲ್ಲಿ, ಬೆಟ್ಟದ ತಿರುವುಗಳಲ್ಲಿ ಮೇಕೆಗಳಿಗೆ ಮೊದಲ ಹಕ್ಕು. ಸ್ಕೂಟರ್ ಸಿಗುತ್ತದೆ, ಆದರೆ ಮೆಲ್ತೆಮಿ ಬೀಸುವಾಗ ಫಿಲೋತಿಯಿಂದಾಚೆಗೆ ಸ್ಕೂಟರ್ ಓಡಿಸುವುದು ನನಗಂತೂ ಒಪ್ಪಿಗೆಯಿಲ್ಲ.

ಸಸ್ಯಾಹಾರಿಗಳಿಗೆ ಇಲ್ಲಿ ಹಸಿವಿನ ಭಯವಿಲ್ಲ. ಆರ್ಥೊಡಾಕ್ಸ್ ಚರ್ಚಿನ ಉಪವಾಸದ ದಿನಗಳು ವರ್ಷದಲ್ಲಿ ಬಹಳ. ಆದ್ದರಿಂದ ನಿಸ್ತೀಸಿಮೊ ಎಂದು ಕೇಳಿದರೆ ಮಾಂಸ, ಮೊಟ್ಟೆ, ಹಾಲು ಇಲ್ಲದ ಅಡುಗೆ ಯಾವುದೆಂದು ಅವರಿಗೆ ಕೂಡಲೇ ತಿಳಿಯುತ್ತದೆ. ಒಂದು ಎಚ್ಚರ: ಸೀಗಡಿ, ಆಕ್ಟೋಪಸ್‌ಗಳೂ ಅವರ ಉಪವಾಸಕ್ಕೆ ನಡೆಯುತ್ತವೆ, ಅವು ಬೇಡವೆಂದು ಬೇರೆಯಾಗಿ ಹೇಳಬೇಕು. ಅನ್ನ ತುಂಬಿ ಬೇಯಿಸಿದ ಟೊಮೆಟೊ, ದೊಡ್ಡ ಬಿಳಿ ಅವರೆಯ ಗಿಗಾಂತೆಸ್, ಬೇಳೆಯ ಫಾವಾ, ಜೊತೆಗೆ ಈ ದ್ವೀಪದ ಹೆಸರುವಾಸಿ ಆಲೂಗಡ್ಡೆ.

ತಿಂಗಳ ಆಯ್ಕೆಯಲ್ಲಿ ಮೇ ಕೊನೆಯಿಂದ ಜೂನ್ ನಡುವಿನವರೆಗೆ, ಇಲ್ಲವೇ ಸೆಪ್ಟೆಂಬರ್. ಚರ್ಚು, ಬೆಟ್ಟಗಳಿಗೆ ಮೇ ಮೇಲು. ನೀರಿಗಿಳಿಯಲು ಸೆಪ್ಟೆಂಬರ್, ಆಗ ಕಡಲು ಬೆಚ್ಚಗಿರುತ್ತದೆ. ಆಗಸ್ಟ್ 15ರ ಮರಿಯಮ್ಮನ ಹಬ್ಬಕ್ಕೆ ಫಿಲೋತಿಯಲ್ಲಿ ದೊಡ್ಡ ಜಾತ್ರೆ ನಡೆಯುತ್ತದೆ. ಅದನ್ನು ನೋಡಲೆಂದೇ ಹೋಗುವುದಾದರೆ ಸರಿ, ಇಲ್ಲದಿದ್ದರೆ ಆ ವಾರ ಕೋಣೆಯೂ ಇಲ್ಲ, ಹಡಗಿನಲ್ಲಿ ಜಾಗವೂ ಇಲ್ಲ.

ಅಥೆನ್ಸ್‌ನ ಪಿರೇಯಸ್ ಬಂದರಿನಿಂದ ಇಲ್ಲಿಗೆ ದೊಡ್ಡ ಹಡಗಿನಲ್ಲಿ ಐದು ಗಂಟೆಗೂ ಮಿಕ್ಕಿ ಹಿಡಿಯುತ್ತದೆ, ವೇಗದ ದೋಣಿಯಲ್ಲಿ ಮೂರೂವರೆಯಿಂದ ನಾಲ್ಕು. ಹೊಟ್ಟೆ ತೊಳಸುವವರು ದೊಡ್ಡದನ್ನೇ ಹಿಡಿಯಲಿ. ಗಾಳಿ ಜೋರಾದ ದಿನ ವೇಗದ ದೋಣಿಗಳೇ ಮೊದಲು ರದ್ದಾಗುತ್ತವೆ. ಬೆಂಗಳೂರಿಗೆ ಮರಳುವ ವಿಮಾನದ ಹಿಂದಿನ ರಾತ್ರಿ ಅಥೆನ್ಸ್‌ನಲ್ಲೇ ಇರುವಂತೆ ನೋಡಿಕೊಳ್ಳಿ, ನಾಕ್ಸೋಸ್‌ನಲ್ಲಿ ಅಲ್ಲ.